ನಂದಾ ಮೇಡಮ್ ಬರೆದ ಒಂದು

ಹುಕ್ಕೇರಿಯಲ್ಲಿ ನಂದಾ ಮೇಡಮ್ ಯಾರಿಗೆ ಗೊತ್ತಿಲ್ಲ ಹೇಳಿ. ಕಾಲೇಜಿನ ಹುಡುಗರಿಗೆ ಗೊತ್ತು, ಬಸ್‌ಸ್ಟ್ಯಾಂಡಿನ ಹೂ ಮಾರುವವಳಿಗೆ ಗೊತ್ತು, ಪೋಸ್ಟ್‌ಮನ್ ದುರ್ಗಪ್ಪನಿಗಂತೂ ಚೆನ್ನಾಗಿಯೇ ಗೊತ್ತು. ಬಿ.ಎಸ್ಸಿ. ಮಕ್ಕಳಿಗೆ ಗಣಿತ ಕಲಿಸುವ, ಮದುವೆಯಾಗದ, ಬಣ್ಣ ಹೋದ ಛತ್ರಿ ಹಿಡಿದು ತಲೆ ಬಗ್ಗಿಸಿ ನಡೆಯುವ ಹೆಂಗಸು. ಊರಿಗೆ ಗೊತ್ತಿರುವುದು ಅಷ್ಟೇ. ಆ ಬಗ್ಗಿದ ತಲೆಯೊಳಗೆ ಇಷ್ಟು ವರ್ಷ ಏನು ಕುದಿಯುತ್ತಿತ್ತು ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಕುದಿಯುತ್ತಿದ್ದದ್ದಕ್ಕೆ ಉದ್ದನೆಯ ಹೆಸರಿದೆ: ಸಿಂಗ್ಯುಲರ್ ಇಂಟಿಗ್ರಲ್ ಆಪರೇಟರ್‌ಗಳ ಕಮ್ಯುಟೇಟರ್‌ಗಳಿಗೆ ವೇಟೆಡ್ ಅಸಮಾನತೆಗಳು. ಹೆದರಬೇಡಿ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟ ಅವಳ ಮನೆಯೊಡತಿ ಕಮಲವ್ವನಿಗೆ ತಿಳಿದದ್ದು ನಿಮಗೆ ತಿಳಿಯದೆ ಹೋಗುವುದಿಲ್ಲ. ಮತ್ತೆ ನಂದಾ ಬಯಸಿದ್ದಾದರೂ ಏನು ಮಹಾ? ಹೆಸರಿನ ಹಿಂದೆ ಡಾಕ್ಟರ್ ಅಂತ ಬರದಿದ್ದರೂ ನಡೆಯುತ್ತಿತ್ತು. ತಾನು ಸಾಧಿಸಿದ ಒಂದು ಪ್ರಮೇಯವನ್ನು ಯಾರಾದರೂ ಓದಿ, ನಿಜವೆಂದು ಒಪ್ಪಿ, ‘ಖರೆ ಐತಿ’ ಅನ್ನಬೇಕು. ಒಬ್ಬರು ಅಂದರೆ ಸಾಕಿತ್ತು. ಆ ಒಬ್ಬರು ಸಿಗಲಿಲ್ಲ.

ಅವಳು ಮೂಡಲಗಿ ಕಡೆಯ ಹಳ್ಳಿಯವಳು. ಅಪ್ಪ ಶಿದ್ಲಿಂಗಪ್ಪ ಒಕ್ಕಲುತನದವನು. ಮಗಳನ್ನು ಸಾಲೆಗೆ ಕಳಿಸುವ ಮೊದಲೇ ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಅಂಕಿ ಬರೆದು ಕಲಿಸಿದ. ಕನ್ನಡದ ಅಂಕಿಗಳು. “ದುಂಡಗ ತಿರವಿ ಬಾಯಿ ಮುಚ್ಚೂ ಮೊದ್ಲ ಕೈ ಬಿಡವ್ವಾ, ಅದು ಒಂದು” ಎಂದು ಪುಟ್ಟ ಕೈ ಹಿಡಿದು ತಿದ್ದಿಸಿದ. ಮುಂದೆ ಅವಳು ಗೋಕಾಕದಲ್ಲಿ ಕಲಿತಳು, ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದಳು, ಇಂಗ್ಲಿಷ್ ಅಂಕಿಗಳೇ ಕೈಗೆ ಹತ್ತಿದವು. ಗೋಡೆ ಸುಣ್ಣ ಬಳಿದುಕೊಂಡಿತು. ಆದರೂ ಎಂದಾದರೂ ತೀರ ದಣಿದಾಗ ಬೋರ್ಡಿನ ಮೇಲೆ ಅಪ್ಪನ ಅಂಕಿ ಮೂಡಿಬಿಡುತ್ತಿತ್ತು, ಹುಡುಗರು ನಗುತ್ತಿದ್ದರು.

೧೯೮೮ರಲ್ಲಿ ಹುಕ್ಕೇರಿಯ ಕಾಲೇಜಿನಲ್ಲಿ ನೌಕರಿ ಸಿಕ್ಕಿತು. ಬಾಡಿಗೆಗೆ ಸಿಕ್ಕಿದ್ದು ಕಮಲವ್ವನ ಮನೆಯ ಹಿಂದಿನ ಖೋಲಿ. ಗಂಡ ನೇಮಣ್ಣ ತೀರಿಕೊಂಡ ಮೇಲೆ ಕಮಲವ್ವ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಜೈನರ ಮನೆ, ಕಟ್ಟುನಿಟ್ಟು ಬಹಳ. “ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ ಒಳಗ ತರಂಗಿಲ್ಲ. ಹೊತ್ತ ಮುಳುಗೂ ಮೊದ್ಲ ಊಟ. ಒಪ್ಪಿಗಿ ಇದ್ರ ಇರು, ಇಲ್ಲಂದ್ರ ಊರಾಗ ಮನಿ ಭಾಳ ಅದಾವ” ಎಂದು ಮೊದಲ ದಿನವೇ ಖಡಾಖಂಡಿತ ಹೇಳಿದಳು. ಒಬ್ಬಳಿಗಾಗಿ ಒಲೆ ಹಚ್ಚುವುದು ಬೇಜಾರು ಎಂದು ಅಡುಗೆಯನ್ನೂ ತಾನೇ ಮಾಡಿ ಹಾಕತೊಡಗಿದಳು. ನಂದಾಗೆ ಅದು ಒಳ್ಳೆಯದೇ ಆಯಿತು. ಒಗ್ಗರಣೆ ಹಾಕುವ ಹೊತ್ತಿನಲ್ಲಿ ಪ್ರಮೇಯಕ್ಕೆ ಮೆಟ್ಟಿಲಾಗುವ ಒಂದು ಲೆಮ್ಮಾ ಮುಗಿಸಬಹುದು ಎನ್ನುವ ಜಾತಿಯವಳು ಅವಳು.

ರವಿವಾರ ಕಮಲವ್ವ ಉಪ್ಪು ಬಿಟ್ಟಿದ್ದಳು. ಅದು ಅವಳ ವ್ರತ. ಆ ದಿನ ಬೇಳೆಗೆ ಉಪ್ಪು ಬೀಳುತ್ತಿರಲಿಲ್ಲ. ನಂದಾಳ ತಾಟಿನ ಬಾಜೂಕ್ಕೆ ಉಪ್ಪಿನ ಬಟ್ಟಲು ಇಡುತ್ತಿದ್ದಳು, ಬೇಕಾದರೆ ಮೇಲೆ ಹಾಕಿಕೊಳ್ಳಲಿ ಅಂತ. ಅಂಥದೊಂದು ರವಿವಾರ, ನಂದಾ ಪಿಎಚ್.ಡಿ.ಗೆ ಹೆಸರು ಹಚ್ಚಿಸಿ ಒಂದು ವರ್ಷವಾಗಿತ್ತು, ಕಮಲವ್ವ ಕೇಳಿದಳು: “ದಿನಾ ಏನ ಬರೀತಿ ಅಷ್ಟ? ನನಗಷ್ಟ ತಿಳಿಯೂ ಹಂಗ ಹೇಳ ನೋಡೂಣು.”

ನಂದಾ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದಳು. ಆಮೇಲೆ ಉಪ್ಪಿನ ಬಟ್ಟಲು ಮುಂದೆ ಎಳೆದುಕೊಂಡಳು.

“ಕಾಕಿ, ಶನಿವಾರ ಉಪ್ಪ ಹಾಕಿ ಬ್ಯಾಳಿ ಕುದಸ್ತೀರಿ. ಇವತ್ತ ಬ್ಯಾಳಿ ಕುದಿಸಿ ಆಮ್ಯಾಲ ನಾನು ಉಪ್ಪ ಹಾಕ್ಕೊಂಡೆ. ಅದ ಬ್ಯಾಳಿ, ಅಷ್ಟ ಉಪ್ಪು. ರುಚಿ ಒಂದ ಐತೇನ್ರಿ?”

“ಅದ್ಹ್ಯಾಂಗ ಒಂದ ಇರತೈತಿ? ಮ್ಯಾಲ ಹಾಕಿದ್ದ ಉಪ್ಪ ಬ್ಯಾರೆ, ಒಳಗ ಕುದ್ದ ಉಪ್ಪ ಬ್ಯಾರೆ.”

“ಆ ಎರಡೂದರ ನಡುವ ಏನ ಫರಕ ಐತಿ, ಅದಕ್ಕ ಕಮ್ಯುಟೇಟರ್ ಅಂತಾರರಿ. ಕುದಿಸೂದು ಅಂದ್ರ ಸಿಂಗ್ಯುಲರ್ ಇಂಟಿಗ್ರಲ್, ಎಲ್ಲಾ ಕಲಸಿಬಿಡತೈತಿ. ಉಪ್ಪು ಅಂದ್ರ ಗುಣಿಸೂದು. ಮೊದ್ಲ ಗುಣಿಸಿ ಕಲಸಿದ್ರ ಒಂದ ಬರತೈತಿ, ಕಲಸಿ ಗುಣಿಸಿದ್ರ ಇನ್ನೊಂದ ಬರತೈತಿ. ಒಂದರಾಗ ಇನ್ನೊಂದ ಕಳದ್ರ ಉಳಿಯೂದು ಐತೆಲ್ಲ, ಅದರ ಬೆನ್ನ ಹತ್ತೇನಿ.”

ಕಮಲವ್ವ ಉಪ್ಪಿಲ್ಲದ ತನ್ನ ಬೇಳೆಯನ್ನು ನೋಡಿದಳು. “ಹಂಗಾರ ಆ ಫರಕ ಎಷ್ಟ ಆಗಬಹುದು? ಎಷ್ಟರ ಆಗಲಿ ಅಂತ ಬಿಡೂದೋ, ಅದಕೊಂದ ಹದ್ದ ಐತೋ?”

ನಂದಾ ಬೆರಗಾದಳು. ಇಡೀ ವಿಷಯದ ಪ್ರಶ್ನೆಯೇ ಅದು. ಫರಕಿಗೆ ಹದ್ದು ಎಲ್ಲಿ? ಧಾರವಾಡದ ಸೆಮಿನಾರಿನಲ್ಲಿ ಅರ್ಧ ಗಂಟೆ ಮಾತಾಡಿದಾಗಲೂ ಯಾರೂ ಅವಳಿಗೆ ಇಷ್ಟು ನೇರ ಪ್ರಶ್ನೆ ಕೇಳಿರಲಿಲ್ಲ.

“ನನ್ನ ನಾಲಿಗಿಗೆ ಚೂರ ಉಪ್ಪೂ ಭಾಳ ಆಕ್ಕೈತಿ” ಎಂದಳು ಕಮಲವ್ವ. “ನಿನಗ ಮುಟಗಿ ಹಾಕಿದ್ರೂ ಕಡಿಮಿ. ಯಾರ ನಾಲಿಗಿಲೆ ಅಳೀತಿ?”

“ಅದಕ್ಕ ವೇಟ್ ಅಂತಾರರಿ ಕಾಕಿ. ಎಲ್ಲಿ ಎಷ್ಟ ತೂಕ ಕೊಡೂದು ಅಂತ. ಯಾವ ತೂಕ ಇಟ್ರೂ ಹದ್ದ ಸಿಗತೈತೇನು ಅಂತ ನೋಡೂದು.”

“ಛಲೋ ಐತಲ್ಲ. ನಿನ್ನ ವಹಿ ತಾ, ನೋಡೂಣು.”

ಇಲ್ಲಿ ನೋಡಿ ನಂದಾ ಎಡವಿದ್ದು. ಆ ನೋಟ್‌ಬುಕ್ ತಂದು ತೋರಿಸಿದ್ದರೆ ಏನು ಗಂಟು ಹೋಗುತ್ತಿತ್ತು? “ನಿಮಗ ತಿಳಿಯಂಗಿಲ್ರಿ ಕಾಕಿ, ಎಲ್ಲಾ ಇಂಗ್ಲಿಷ್ ಐತಿ” ಎಂದು ನಕ್ಕು ಕೈ ತೊಳೆಯಲು ಎದ್ದಳು. ಕಮಲವ್ವನ ಮುಖ ಸಣ್ಣದಾದದ್ದು ಅವಳಿಗೆ ಕಾಣಲಿಲ್ಲ.

ಆ ವರ್ಷದಿಂದಲೇ ಇನ್ನೊಂದು ಶುರುವಾಯಿತು. ಜ್ಯೇಷ್ಠ ಮಾಸದಲ್ಲಿ ಶ್ರುತಪಂಚಮಿ ಬರುತ್ತದೆ. ಅಂದು ಜೈನರ ಮನೆಗಳಲ್ಲಿ ಶಾಸ್ತ್ರದ ಪುಸ್ತಕಗಳನ್ನೆಲ್ಲ ಇಳಿಸಿ, ಧೂಳು ಝಾಡಿಸಿ, ಹುಳ ಹಿಡಿದಿದೆಯೋ ಎಂದು ಹಾಳೆ ಹಾಳೆ ತಿರುವಿ, ಮಣೆಯ ಮೇಲಿಟ್ಟು ಪೂಜೆ ಮಾಡುತ್ತಾರೆ. ಪ್ರತಿ ವರ್ಷ ಕಮಲವ್ವ ಹಿಂದಿನ ಖೋಲಿಯ ಬಾಗಿಲಿಗೆ ಬಂದು, “ನಿನ್ನ ವಹಿನೂ ಕೊಡ, ಪೂಜೆಕ್ಕ ಇಡ್ತೇನಿ” ಎನ್ನುತ್ತಿದ್ದಳು. “ಅದು ಧರ್ಮದ ಪುಸ್ತಕ ಅಲ್ರಿ” ಎಂದು ಇವಳು. “ಅಕ್ಷರ ಹೌದಲ್ಲ? ಅಕ್ಷರಕ್ಕ ಪೂಜಿ” ಎಂದು ಅವಳು. ಪ್ರತಿ ವರ್ಷ ನಂದಾ ಟ್ರಂಕಿನ ಕೀಲಿ ತಿರುವಿ, “ಬ್ಯಾಡ್ರಿ, ಹಾಳಿ ಹಿಂದ ಮುಂದ ಆಕ್ಕಾವ” ಎನ್ನುತ್ತಿದ್ದಳು. ಆ ಟ್ರಂಕಿನ ಕೀಲಿಯನ್ನು ಕೊರಳಿಗೆ ಕಟ್ಟಿಕೊಳ್ಳುವುದೊಂದು ಬಾಕಿ ಇತ್ತು.

ಅವಳ ಸಮಸ್ಯೆ ಅಂಚಿನದು. p ಅನ್ನುವ ಒಂದು ಸಂಖ್ಯೆ ಇದೆ ಎಂದುಕೊಳ್ಳಿ. ಅದು ಒಂದಕ್ಕಿಂತ ದೊಡ್ಡದಿದ್ದಾಗ ಫರಕಿಗೆ ಹದ್ದು ಉಂಟೆಂದು ಹಿಂದಿನವರು ತೋರಿಸಿದ್ದರು. ಸರಿಯಾಗಿ ಒಂದೇ ಆದಾಗ ಏನು? ಗೈಡ್ ಸರ್ “ಅಲ್ಲಿ ಯಾರೂ ಹೊಕ್ಕಿಲ್ಲ, ಹುಷಾರಿಲೆ ಹೋಗು” ಎಂದಿದ್ದರು. ೧೯೯೧ರ ಜನವರಿಯಲ್ಲಿ ಅವಳು ಹೊಕ್ಕಳು. ಇಪ್ಪತ್ತು ದಿನ ಹಿಡಿದ ಬರಹ ಮುಗಿಯಲು ಬಂದಿತ್ತು. ಬಲಗಡೆ ಒಂದು ಲಾಗರಿದಮ್ ಬಂದು ಕೂತಿತ್ತು, ಅದಕ್ಕೆ k ಎನ್ನುವ ಘಾತ. ಉಪ್ಪು ಎಷ್ಟು ಸಲ ಹಾಕಿದೆವು ಎನ್ನುವ ಲೆಕ್ಕ ಆ k. ಅದರ ಬೆಲೆ ಇಟ್ಟು ಕೊನೆಯ ಸಾಲು ಬರೆಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ದುರ್ಗಪ್ಪ ನಿಂತಿದ್ದ. ಕೈಯಲ್ಲಿ ತಾರು. ಅಪ್ಪನಿಗೆ ಲಕ್ವಾ ಹೊಡೆದಿತ್ತು.

ಮಧ್ಯಾಹ್ನದ ಗೋಕಾಕ ಬಸ್ಸಿಗೆ ಕಾಲು ಗಂಟೆ ಇತ್ತು. ನಂದಾ ನಿಂತುಕೊಂಡೇ, ಕಣ್ಣು ಮಂಜಾಗಿ, ಕೊನೆಯ ಸಾಲನ್ನು ಗೀಚಿ, ವಹಿ ಟ್ರಂಕಿಗೆ ಒಗೆದು ಓಡಿದಳು.

ಶಿದ್ಲಿಂಗಪ್ಪನಿಗೆ ಮಾತು ಹೋಗಿತ್ತು. ಎರಡು ವರ್ಷಕ್ಕಿಂತ ಹೆಚ್ಚು ಹಾಗೇ ಮಲಗಿದ. ಪ್ರತಿ ಶನಿವಾರ ಹುಕ್ಕೇರಿಯಿಂದ ಗೋಕಾಕ, ಗೋಕಾಕದಿಂದ ಮೂಡಲಗಿ, ಅಲ್ಲಿಂದ ಟಂಟಂ. ಸೋಮವಾರ ಬೆಳಿಗ್ಗೆ ಹಿಂದಕ್ಕೆ. ವಹಿ ಮುಟ್ಟಲು ಪುರುಸೊತ್ತೂ ಇಲ್ಲ, ಮನಸ್ಸೂ ಇಲ್ಲ. ಆ ನಡುವೆ ಗೈಡ್ ಸರ್ ನಿವೃತ್ತರಾಗಿ ಮಗಳ ಊರಿಗೆ ಹೋದರು, ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ೧೯೯೩ರಲ್ಲಿ ಅಪ್ಪನ ಮಣ್ಣು ಮುಗಿಸಿ ಬಂದ ಮೇಲೆ ಅವಳಿಗೆ ಈ ಭೂಮಿಯ ಮೇಲೆ ತನ್ನದು ಅಂತ ಉಳಿದದ್ದು ಟ್ರಂಕಿನೊಳಗಿನ ಆ ವಹಿ ಒಂದೇ ಅನ್ನಿಸಿತು. ತೆಗೆದು ಕೊನೆಯ ಪುಟ ನೋಡಿದಳು.

ಲಾಗರಿದಮ್ಮಿನ ತಲೆಯ ಮೇಲೆ ಸೊನ್ನೆ ಇತ್ತು.

ಯಾವುದಕ್ಕೇ ಆಗಲಿ ಸೊನ್ನೆಯ ಘಾತ ಕೊಟ್ಟರೆ ಉಳಿಯುವುದು ಬರೀ ಒಂದು, ಇದು ಒಂಬತ್ತನೇ ಇಯತ್ತೆಯ ಹುಡುಗನಿಗೂ ಗೊತ್ತು. ಅಂದರೆ ಲಾಗರಿದಮ್ಮೇ ಇಲ್ಲ, ಹದ್ದು ಅಷ್ಟು ಚೊಕ್ಕ! ತಾನು ಹೀಗೆ ಬರೆದದ್ದು ಅವಳಿಗೇ ನೆನಪಿರಲಿಲ್ಲ. ಯಾರಿಗಾದರೂ ಹೇಳಲೇಬೇಕು. ವಹಿ ಹಿಡಿದುಕೊಂಡು ಮುಂದಿನ ಮನೆಗೆ ಓಡಿದಳು.

ಕಮಲವ್ವ ಸಾಮಾಯಿಕಕ್ಕೆ ಕೂತಿದ್ದಳು. ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಧ್ಯಾನ, ಮಾತಿಲ್ಲ, ಕಥೆಯಿಲ್ಲ. ನಂದಾ ಕಂಬಕ್ಕೆ ಒರಗಿ ನಿಂತಳು. ಐದು ನಿಮಿಷ, ಹತ್ತು ನಿಮಿಷ. ನಿಂತಂತೆ ನಿಂತಂತೆ ಆ ಸಂತೋಷ ತಣ್ಣಗಾಗುತ್ತ ಬಂತು. ಹೇಳಿದರೆ ಇವರಿಗೇನು ತಿಳಿದೀತು ಎಂದುಕೊಂಡು ತಿರುಗಿ ಬಂದಳು. ಕಮಲವ್ವ ಎದ್ದು ಬಂದು “ಯಾಕ ಬಂದಿದ್ದಿ?” ಎಂದಾಗ “ಏನಿಲ್ರಿ” ಎಂದಳು.

ಕಚ್ಚಾ ಬರಹದಲ್ಲಿ ‘ಇದು ಸುಲಭ’ ಎಂದು ಬಿಟ್ಟಿದ್ದ ನಾಲ್ಕು ಹೆಜ್ಜೆಗಳನ್ನು ತುಂಬಲು ಮೂರು ವರ್ಷ ಹಿಡಿದವು. ಸುಲಭ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೆ ಕೊನೆಯ ಸಾಲು ಗೊತ್ತಿದೆಯಲ್ಲ, ಅಲ್ಲಿಗೆ ಹೇಗಾದರೂ ಮುಟ್ಟಿಸಬೇಕು ಎಂಬ ಹಟಕ್ಕೆ ಬಿದ್ದಳು. ಎಷ್ಟು ಬೇಕಾದರೂ ಬೆಳೆಯಬಹುದಾದ ಒಂದು ಮೊತ್ತವನ್ನು ಮಿತಿಯೊಳಗಿದೆ ಎಂದು ನಂಬಿ ದಾಟಿಬಿಟ್ಟಳು. ಆ ತಪ್ಪು ತೋರಿಸಲು ಬಾಜೂಕ್ಕೆ ಯಾರಾದರೂ ಇರಬೇಕಿತ್ತು. ಸ್ಟಾಫ್‌ರೂಮಿನಲ್ಲಿ ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಒಬ್ಬರು “ಸಿಲೆಬಸ್‌ದಾಗ ಐತೇನ್ರಿ ಅದು?” ಎಂದು ಚಹಾ ಹೀರಿದ್ದರು. ಅಲ್ಲಿಂದ ಅವಳು ಬಾಯಿ ಹೊಲಿದುಕೊಂಡಳು.

ಗೋಕಾಕದ ಟೈಪಿಸ್ಟ್ ಬಾಳೇಶ ಮೂವತ್ತೊಂದು ಪುಟ ಟೈಪು ಮಾಡಿಕೊಟ್ಟ. ಚಿಹ್ನೆಗಳಿಗೆಲ್ಲ ಜಾಗ ಖಾಲಿ ಬಿಟ್ಟಿದ್ದ, ಅವಳು ಪೆನ್ನಿನಿಂದ ತುಂಬಿದಳು. ೧೯೯೬ರ ಚಳಿಗಾಲದಲ್ಲಿ ಹೊರದೇಶದ ಒಂದು ಪತ್ರಿಕೆಗೆ ರಜಿಸ್ಟರ್ ಮಾಡಿದಳು. ಅಂದಿನಿಂದ ದುರ್ಗಪ್ಪನ ಸೈಕಲ್ ಗಂಟೆ ಕೇಳಿದರೆ ಸಾಕು, ಬೋರ್ಡಿಗೆ ಮುಖ ಮಾಡಿದ್ದವಳು ಕಿಟಕಿಗೆ ತಿರುಗುತ್ತಿದ್ದಳು. “ಇನ್ನೂ ಬಂದಿಲ್ರಿ ಬಾಯಾರ” ಎಂದು ಅವನೇ ದೂರದಿಂದ ಕೈ ಅಲ್ಲಾಡಿಸುವುದು ರೂಢಿಯಾಯಿತು.

ಒಂಬತ್ತು ತಿಂಗಳಿಗೆ ಬಂತು. ಅರ್ಧ ಪುಟ. ಮೊದಲನೆಯ ಪ್ರಮೇಯ ತಪ್ಪು, ಎಂದಿತ್ತು ಮೊದಲ ಸಾಲು. ಎಲ್ಲವನ್ನೂ ಒಂದೇ ಬಿಂದುವಿನಲ್ಲಿ ರಾಶಿ ಹಾಕಿ, ಗುಣಿಸುವ ಕಡೆ ಲಾಗರಿದಮ್ ಇಟ್ಟು ನೋಡಿ, ಹದ್ದು ಮುರಿಯುತ್ತದೆ ಎಂದು ನಾಲ್ಕು ಸಾಲಿನಲ್ಲಿ ತೋರಿಸಿದ್ದರು. ಬಲಗಡೆ ಒಂದು ಲಾಗರಿದಮ್ ಸೇರಿಸಿದರೆ ಮಾತ್ರ ಹೇಳಿಕೆ ನಿಜ, ಆ ಸರಿಯಾದ ರೂಪ ಈಗಾಗಲೇ ಬೇರೆಯವರದು ಅಚ್ಚಾಗಿದೆ, ಎಂದು ಮುಗಿಸಿದ್ದರು. ಯಾರೋ ಒಬ್ಬರು ಅವಳ ಬರಹವನ್ನು ಕೊನೆಗೂ ಓದಿದ್ದರು. ಓದಿ ಇಷ್ಟು ಹೇಳಿದ್ದರು.

ಮನೆಯಲ್ಲಿ ಸಾವಾದರೆ ಓಣಿಯವರು ನಾಲ್ಕು ಜನ ಬಂದು ಕೂಡುತ್ತಾರೆ. ಪ್ರಮೇಯ ಸತ್ತರೆ ಯಾರು ಬರುತ್ತಾರೆ? ನಂದಾ ಮರುದಿನ ಎಂದಿನಂತೆ ಹತ್ತಕ್ಕೆ ಕಾಲೇಜಿಗೆ ಹೋಗಿ ಕಲನಶಾಸ್ತ್ರ ಪಾಠ ಮಾಡಿದಳು, ಸಂಜೆ ಹೊತ್ತು ಮುಳುಗುವ ಮೊದಲು ಉಂಡಳು. “ಮೈಯಾಗ ಆರಾಮಿಲ್ಲೇನ?” ಎಂದು ಕಮಲವ್ವ ಎರಡು ಸಲ ಕೇಳಿದಳು. ಎರಡು ಸಲವೂ “ಆರಾಮ ಅದೀನ್ರಿ” ಎಂದಳು. ಕಾಗದಗಳನ್ನೆಲ್ಲ ಕಟ್ಟಿ ಟ್ರಂಕಿಗೆ ಹಾಕಿ ಮಂಚದ ಕೆಳಗೆ ನೂಕಿದಳು. ಪಿಎಚ್.ಡಿ.ಯ ಅವಧಿ ಮುಗಿಯಿತೆಂದು ಧಾರವಾಡದಿಂದ ಬಂದ ಕಾಗದಕ್ಕೆ ಉತ್ತರ ಬರೆಯಲಿಲ್ಲ. ತಾನು ದಡ್ಡಿ, ಹಳ್ಳಿಯಲ್ಲಿ ಕೂತು ದೊಡ್ಡವರ ಆಟ ಆಡಲು ಹೋದೆ ಎಂದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು. ಆ ಖಾತ್ರಿಯಲ್ಲೇ ಐದು ವರ್ಷ ಕಳೆದಳು. ತಲೆ ಬಗ್ಗಿಸಿ ನಡೆಯುವುದು ಶುರುವಾದದ್ದು ಆಗಲೇ.

೨೦೦೨ರ ಶ್ರುತಪಂಚಮಿ ರವಿವಾರ ಬಂತು. ಕಮಲವ್ವ ರೂಢಿಯಂತೆ ಬಾಗಿಲಿಗೆ ಬಂದು, ಸಿಗುವ ಆಸೆ ಇಲ್ಲದ ದನಿಯಲ್ಲಿ, “ವಹಿ ಕೊಡ್ತಿಯೇನ?” ಎಂದಳು. ನಂದಾ ಹತ್ತರಗಿಯಲ್ಲಿ ಸಹೋದ್ಯೋಗಿಯ ಮನೆಯ ಕಾರ್ಯಕ್ಕೆ ಹೊರಟಿದ್ದಳು. ಟ್ರಂಕಿನ ಕೀಲಿ ತೆಗೆದು ಅವಳ ಕೈಗೆ ಹಾಕಿದಳು.

“ತಗೋರಿ. ಏನ ಬೇಕಾದ್ದ ಮಾಡ್ರಿ. ಅದ್ರಾಗಿನ್ನ ಏನೂ ಇಲ್ಲ.”

ಸಂಜೆ ನಾಲ್ಕೂವರೆಗೆ ತಿರುಗಿ ಬಂದಾಗ ಪಡಸಾಲೆಯಲ್ಲಿ ಮಣೆಯ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ನೇಮಣ್ಣನ ಕಾಲದ ಶಾಸ್ತ್ರದ ಪುಸ್ತಕಗಳು, ಅವುಗಳ ನಡುವೆ ಖಾಕಿ ರಟ್ಟಿನ ಅವಳ ವಹಿ. ಮೇಲೆ ಅಕ್ಷತೆ, ಹಾಳೆಗಳ ನಡುವೆ ಒಂದು ಮಲ್ಲಿಗೆ. ಕಮಲವ್ವ ಕನ್ನಡಕ ಒರೆಸಿಕೊಳ್ಳುತ್ತಿದ್ದಳು.

“ಹಾಳಿ ಹಾಳಿ ಒರಸೇನಿ. ಹಿಂದ ಮುಂದ ಮಾಡಿಲ್ಲ, ಅಂಜಬ್ಯಾಡ” ಎಂದಳು. “ನೀ ಅಂದದ್ದ ಖರೆ ಬಿಡು. ಅಷ್ಟೂ ಹಾಳಿ ನೋಡಿದೆ, ಏನೂ ತಿಳೀಲಿಲ್ಲ. ಆದ್ರ ಒಂದ ಮಾತ್ರ ಓದಾಕ ಬಂತು. ಅದಕ್ಕ ಹೂವ ಇಟ್ಟೇನಿ.”

ಮಲ್ಲಿಗೆ ಇದ್ದ ಕಡೆ ವಹಿ ಬಿಚ್ಚಿ ಬೆರಳಿಟ್ಟಳು. ಕೊನೆಯ ಪುಟ, ಕೊನೆಯ ಸಾಲು. “ಇದು ನಮ್ಮ ಒಂದು.”

“ಅದು ಸೊನ್ನಿರಿ ಕಾಕಿ” ಎಂದಳು ನಂದಾ, ಚಪ್ಪಲಿ ಬಿಡುತ್ತ.

“ಸೊನ್ನಿ ಹ್ಯಾಂಗ ಆಕ್ಕೈತಿ? ಬಾಯಿ ತೆರದೈತಿ ನೋಡ. ಕನ್ನಡ ಸಾಲಿಗೆ ಹೋಗೇನಿ ನಾ, ನನಗ ಒಂದು ತಿಳಿಯಂಗಿಲ್ಲೇನ?”

ನಂದಾ ವಹಿಯನ್ನು ಬಾಗಿಲ ಬೆಳಕಿಗೆ ಒಯ್ದಳು. ನೀಲಿ ಶಾಯಿಯ ದುಂಡು. ಬಲಗಡೆ ಕೆಳಗೆ, ಕೂದಲೆಳೆಯಷ್ಟು, ಬಾಯಿ ತೆರೆದೇ ಇತ್ತು. ಇಡೀ ವಹಿಯಲ್ಲಿ ಎಲ್ಲ ಅಂಕಿ ಇಂಗ್ಲಿಷಿನವು. ತಾರು ಬಂದ ಆ ಕಾಲು ಗಂಟೆಯಲ್ಲಿ, ಅಪ್ಪನನ್ನು ನೆನೆಯುತ್ತಿದ್ದ ಕೈ ಅಪ್ಪ ಕಲಿಸಿದ ಒಂದನ್ನು ಬರೆದಿತ್ತು. ಮೇಲಿನ ಸಾಲಿನ k ಕಡೆ ನೋಡಿದಳು. ಉಪ್ಪು ಎಷ್ಟು ಸಲ? ಒಂದು ಸಲ. ಸೊನ್ನೆ ಹೇಗೆ ಬಂದೀತು ಅಲ್ಲಿ? ಲಾಗರಿದಮ್ ಅಳಿಸಿಹೋಗಿರಲಿಲ್ಲ, ಹನ್ನೊಂದು ವರ್ಷದಿಂದ ಅಲ್ಲೇ ಇತ್ತು. ‘ಇದು ಸುಲಭ’ ಎಂದು ಬಿಟ್ಟಿದ್ದ ನಾಲ್ಕೂ ಹೆಜ್ಜೆಗಳು ಈಗ ನಿಂತಲ್ಲೇ ಒಂದೊಂದಾಗಿ ಕೂಡಿಕೊಂಡವು. ಖರೆಗೂ ಸುಲಭವೇ ಇದ್ದವು. ಪತ್ರಿಕೆಯವರು ‘ಸರಿಯಾದ ರೂಪ’ ಎಂದದ್ದು ಅಕ್ಷರಶಃ ಇದೇ ಸಾಲು.

ಅವಳು ವಹಿ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತಳು.

“ಏನಾತವ್ವಾ? ಒಂದ ಅಂದ್ರ ಕೆಟ್ಟದ್ದೇನ?” ಕಮಲವ್ವ ಗಾಬರಿಯಾದಳು.

“ಅಲ್ರಿ. ಒಂದ ಇದ್ರ ಎಲ್ಲಾ ಸರಿ ಐತ್ರಿ. ಬರದದ್ದ ಖರೆ ಇತ್ತರಿ ಕಾಕಿ. ನಾ ಓದಿದ್ದ ತಪ್ಪಾತು.”

“ಹಂಗಾರ ಅವರಿಗೆ ಬರದ ತಿಳಸ.”

“ಏನಂತ ಬರೀಲಿ? ಎಲ್ಲಾರಕಿಂತ ಮೊದ್ಲ ನನಗ ಗೊತ್ತಿತ್ತು, ಆದ್ರ ನನ್ನ ಅಕ್ಷರ ನನಗ ಓದಾಕ ಬರಲಿಲ್ಲ ಅಂತ ಬರೀಲ್ಯಾ?” ಆ ಸಾಲು ಬರೆದ ಮೇಲಿನ ಹನ್ನೊಂದು ಶ್ರುತಪಂಚಮಿಗಳು ಕಣ್ಣ ಮುಂದೆ ಹಾದುಹೋದವು. ಹನ್ನೊಂದು ಸಲ ಈ ಹೆಂಗಸು ಬಾಗಿಲಲ್ಲಿ ನಿಂತು ಕೈ ಚಾಚಿದ್ದಳು, ಹನ್ನೊಂದು ಸಲ ತಾನು ಕೀಲಿ ತಿರುವಿದ್ದಳು. ಒಂದೇ ಒಂದು ಸಲ ಕೊಟ್ಟಿದ್ದರೆ! ಅಪ್ಪ ಸತ್ತಾಗ ಬಾರದಿದ್ದ ಅಳು ಈಗ ತಡೆಯಿಲ್ಲದೆ ಬಂತು. ಹೊರದೇಶಕ್ಕೆ ರಜಿಸ್ಟರ್ ಮಾಡಿ ಹುಡುಕಿದ ಓದುಗಿ ಅಡುಗೆಮನೆಯಲ್ಲೇ ಇದ್ದಳು.

ಕಮಲವ್ವ ಪಕ್ಕದಲ್ಲಿ ಕೂತು, ವಹಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಆ ಒಂದರ ಮೇಲೆ ಮತ್ತೆ ಬೆರಳಿಟ್ಟಳು. ಮೊದಲಿನ ಪುಟಕ್ಕೆ ಹೋದಳು, ಒಂದೊಂದೇ ಹಾಳೆ ತಿರುವುತ್ತ ಕೊನೆಯದಕ್ಕೆ ಬಂದಳು. ಪೂಜೆಯ ಪುಸ್ತಕ ನೋಡುವ ಹಾಗೆಯೇ ನೋಡಿದಳು.

“ಖರೆ ಐತಿ” ಎಂದಳು.

ಹೊತ್ತು ಇಳಿಯುತ್ತಿತ್ತು. ಇನ್ನು ತಡಮಾಡಿದರೆ ಊಟ ತಪ್ಪುತ್ತದೆ ಎಂದು ಕಮಲವ್ವ ಎದ್ದು ಎರಡು ತಾಟು ಹಾಕಿದಳು, ನಂದಾಳ ತಾಟಿನ ಬಾಜೂಕ್ಕೆ ಉಪ್ಪಿನ ಬಟ್ಟಲು ಇಟ್ಟಳು. ಆ ರವಿವಾರ ನಂದಾ ಉಪ್ಪು ಹಾಕಿಕೊಳ್ಳುವುದನ್ನೇ ಮರೆತು ಉಂಡಳು. ಕಮಲವ್ವ ನೆನಪು ಮಾಡಲಿಲ್ಲ.